‘ಬೇಡ’ ಎಂದರೆ ಸಾಲದೇ?

ಮಾನ್ಯರೇ,

ಮದುವೆ ಊಟದ ಪಂಕ್ತಿಯಲ್ಲಿ ಯಾವುದೋ ಪದಾರ್ಥ ಬೇಡವೆಂದು ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಸಾಕು, ವಿಚಾರಣೆ ಶುರುವಾಗುತ್ತದೆ. ಸಕ್ಕರೆ ಕಾಯಿಲೆಯೇ? ವ್ರತವೇ? ವೈದ್ಯರು ಬೇಡವೆಂದಿದ್ದಾರೆಯೇ? ಕಾಯಿಲೆಯನ್ನೋ ದೇವರನ್ನೋ ಹೆಸರಿಸಿದರೆ ಬಡಿಸುವವರು ಮುಂದೆ ಹೋಗುತ್ತಾರೆ. ‘ನನಗೆ ರುಚಿಸುವುದಿಲ್ಲ’ ಎಂದು ನಿಜ ಹೇಳಿದರೆ ಮಾತ್ರ, ‘ಒಂದು ಚಮಚ ತಿಂದು ನೋಡಿ’ ಎಂಬ ಒತ್ತಾಯ ನಿಲ್ಲುವುದಿಲ್ಲ. ಇಲ್ಲದ ಗ್ಯಾಸ್ಟ್ರಿಕ್ ಹೇಳಿಕೊಂಡು ಪಾರಾಗುವ ಸ್ಥಿತಿ ಯಾರಿಗೂ ಬರಬಾರದು.

ನನಗೆ ಕೊತ್ತಂಬರಿ ಸೊಪ್ಪು ಆಗದು. ಚಿತ್ರಾನ್ನದ ಮೇಲೆ ಉದುರಿಸಿದ ನಾಲ್ಕು ಎಲೆಗಳೇ ಇಡೀ ತಟ್ಟೆಗೆ ಸೋಪಿನ ವಾಸನೆ ಹತ್ತಿಸುತ್ತವೆ. ಆ ಸೊಪ್ಪಿನ ಘಮಕ್ಕೆ ಕಾರಣವಾದ ಆಲ್ಡಿಹೈಡ್ ಗುಂಪಿನ ರಾಸಾಯನಿಕಗಳು ಸಾಬೂನಿನಲ್ಲೂ ಇರುತ್ತವೆ. ವಾಸನೆ ಗ್ರಹಿಸುವ ವಂಶವಾಹಿಗಳಲ್ಲಿನ ವ್ಯತ್ಯಾಸಕ್ಕೂ ಈ ಅರುಚಿಗೂ ನಂಟಿರುವುದನ್ನು ಸಂಶೋಧಕರು 2012ರಲ್ಲಿ ಗುರುತಿಸಿದ್ದಾರೆ. ಇಷ್ಟು ವಿವರಿಸಿದರೆ ಜನ ತಲೆದೂಗುತ್ತಾರೆ. ಆದರೆ ಹೀರೇಕಾಯಿ ಸೇರದ ನನ್ನ ತಂಗಿಯ ಬಳಿ ಅಂಥ ಯಾವ ಪುರಾವೆಯೂ ಇಲ್ಲ. ಅವಳೇಕೆ ಪುರಾವೆ ಕೊಡಬೇಕು?

ಊರು, ಜಾತಿಗಳನ್ನು ಎಳೆದು ತರುವುದಂತೂ ಅಸಹ್ಯ. ಜೋಳದ ರೊಟ್ಟಿ ತಿಂದು ಬೆಳೆದ ಕಲಬುರಗಿಯ ಹುಡುಗಿ ಮುದ್ದೆ ಬೇಡವೆಂದರೆ ಅದು ಹಳೇ ಮೈಸೂರಿಗೆ ಮಾಡಿದ ಅವಮಾನವಲ್ಲ. ಒಣಮೀನು ಇಷ್ಟವೆಂದ ಸಹೋದ್ಯೋಗಿಯ ಎದುರು ಮೂಗು ಮುಚ್ಚಿಕೊಂಡು ‘ಅದನ್ನು ಹೇಗೆ ತಿನ್ನುತ್ತೀರಿ’ ಎಂದು ಕೇಳುವುದು ಕುತೂಹಲವೂ ಅಲ್ಲ.

ಸತ್ಕಾರ ಮಾಡುವ ಹಿರಿಯರಲ್ಲಿ ನನ್ನ ಕಳಕಳಿಯ ವಿನಂತಿ: ಕೈ ಅಡ್ಡ ಬಂದ ಎಲೆಯನ್ನು ಬಿಟ್ಟು ದಯವಿಟ್ಟು ಪಕ್ಕದ ಎಲೆಗೆ ಬಡಿಸಿ. ಮಕ್ಕಳ ವಿಷಯದಲ್ಲೂ ಹಾಗೆಯೇ ಮಾಡಿ.

– ಓದುಗರೊಬ್ಬರು, ತುಮಕೂರು