ಎಪಾಕ್ಸಿ ಕಿತ್ತುಬರುವುದಕ್ಕೆ ಕಾರಣ ಡಬ್ಬಿಯಲ್ಲಿಲ್ಲ

ಮಾನ್ಯ ಸಂಪಾದಕರೇ,

ಮಳೆ ಹಿಂದೆ ಸರಿದ ಕೂಡಲೇ ಕಾರವಾರ, ಅಂಕೋಲಾ, ಕುಮಟಾ ಕಡೆಯ ಬಣ್ಣದ ಅಂಗಡಿಗಳಲ್ಲಿ ಪ್ರತಿವರ್ಷ ಒಂದೇ ಬಗೆಯ ದೂರು ಕೇಳಿಬರುತ್ತದೆ. ಸಾವಿರಾರು ರೂಪಾಯಿ ಸುರಿದು ಹಚ್ಚಿಸಿದ ಎಪಾಕ್ಸಿ ಲೇಪನ (ರೆಸಿನ್ ಎಂಬ ಅಂಟುದ್ರವಕ್ಕೆ ಅದನ್ನು ಗಟ್ಟಿಯಾಗಿಸುವ ಹಾರ್ಡ್‌ನರ್ ಬೆರೆಸಿ ಬಳಿಯುವಂಥದ್ದು) ಗುಳ್ಳೆ ಎದ್ದಿದೆ, ಹಾಳೆಹಾಳೆಯಾಗಿ ಕಿತ್ತುಬರುತ್ತಿದೆ, ಇಲ್ಲವೇ ತಿಂಗಳುಗಳು ಕಳೆದರೂ ಕೈಗೆ ಅಂಟುತ್ತಿದೆ. ಮನೆಯವರು ಕಂಪನಿಯನ್ನು ಬೈಯುತ್ತಾರೆ, ಅಂಗಡಿಯವರು ಕೆಲಸಗಾರರತ್ತ ಬೊಟ್ಟು ಮಾಡುತ್ತಾರೆ. ಈ ಕರಾವಳಿಯಲ್ಲಿ ಲೇಪನದ ಕೆಲಸ ಮಾಡಿಸುತ್ತ ಬಂದಿರುವ ನಾನು ಕಂಡಂತೆ, ಇಂಥ ಬಹುತೇಕ ಪ್ರಸಂಗಗಳಲ್ಲಿ ಮಾಲು ಸರಿಯಾಗಿಯೇ ಇರುತ್ತದೆ. ಕೆಟ್ಟಿರುವುದು ಬೆರಕೆಯ ಅಳತೆ ಅಥವಾ ಹಚ್ಚಿದ ದಿನದ ಹವೆ.

ಅಳತೆ ತಪ್ಪುವುದಕ್ಕೆ ನಮ್ಮಲ್ಲೊಂದು ವಿಶೇಷ ಕಾರಣವಿದೆ. ಬೈತಖೋಲ, ತದಡಿ, ಹೊನ್ನಾವರ, ಭಟ್ಕಳದ ಬಂದರುಗಳಲ್ಲಿ ಫೈಬರ್ ದೋಣಿಗಳ ಕೆಲಸದಲ್ಲಿ ಕೈ ಪಳಗಿದವರೇ ಎಷ್ಟೋ ಕಡೆ ಎಪಾಕ್ಸಿ ಕೆಲಸಕ್ಕೂ ಬರುತ್ತಾರೆ. ಫೈಬರ್ ಕೆಲಸದ ಪಾಲಿಯೆಸ್ಟರ್ ರೆಸಿನ್‌ಗೆ ಹಾಕುವ ಕ್ಯಾಟಲಿಸ್ಟ್ ಶೇಕಡ 1ರಿಂದ 2ರಷ್ಟು ಮಾತ್ರ, ಮತ್ತು ಅದು ಕ್ರಿಯೆಯನ್ನು ಆರಂಭಿಸಲಷ್ಟೇ ಬೇಕಾದದ್ದು. ಆದ್ದರಿಂದ ತಂಪಿನ ದಿನ ತುಸು ಹೆಚ್ಚು, ಏಪ್ರಿಲ್ ಸೆಕೆಯಲ್ಲಿ ತುಸು ಕಡಿಮೆ ಹಾಕಿ ಗಟ್ಟಿಯಾಗುವ ಹೊತ್ತನ್ನು ಹೊಂದಿಸಿಕೊಳ್ಳುವುದು ಅಲ್ಲಿ ನಡೆಯುತ್ತದೆ. ಎಪಾಕ್ಸಿಯ ಹಾರ್ಡ್‌ನರ್ ಹಾಗಲ್ಲ. ಅದು ರೆಸಿನ್ ಜೊತೆ ಅಣು ಅಣುವಾಗಿ ಹೆಣೆದುಕೊಂಡು ಕೊನೆಗೆ ಆ ಪದರದ ಭಾಗವೇ ಆಗಿಬಿಡುತ್ತದೆ. ಹೆಚ್ಚು ಸುರಿದರೆ ಬೇಗ ಗಟ್ಟಿಯಾಗುವುದಿಲ್ಲ, ಜೊತೆ ಸಿಗದ ಹಾರ್ಡ್‌ನರ್ ಪದರದೊಳಗೆ ಹಾಗೆಯೇ ಉಳಿದು ಅದನ್ನು ಮೆತ್ತಗಾಗಿಸುತ್ತದೆ, ನೀರು ಹೀರುವಂತೆ ಮಾಡುತ್ತದೆ. ಕಡಿಮೆಯಾದರೆ ಆಗ ರೆಸಿನ್ ಬಾಕಿ ಉಳಿಯುತ್ತದೆ. ಎರಡೂ ತಪ್ಪುಗಳನ್ನು ಆಮೇಲೆ ಬಿಸಿಲು ತೋರಿಸಿ ಸರಿಪಡಿಸಲಾಗದು. ಕೆರೆದು ತೆಗೆಯುವುದೊಂದೇ ದಾರಿ.

ಡಬ್ಬಿಯ ಮೇಲೆ 2:1 ಎಂದೋ 4:1 ಎಂದೋ ಬರೆದಿರುವುದು ತೂಕದ ಲೆಕ್ಕವೋ ಗಾತ್ರದ ಲೆಕ್ಕವೋ ಎಂಬುದನ್ನು ಓದಿ ನೋಡುವವರು ಕಡಿಮೆ. ರೆಸಿನ್ ಸಾಮಾನ್ಯವಾಗಿ ಹಾರ್ಡ್‌ನರ್‌ಗಿಂತ ಭಾರ, ಹೀಗಾಗಿ ತೂಕದ ಅಳತೆಯನ್ನು ಲೋಟದಲ್ಲಿ ಅಳೆದರೆ ಪ್ರಮಾಣ ತಪ್ಪುತ್ತದೆ. ಚಿಕ್ಕ ಕೆಲಸಕ್ಕೆಂದು ಅರ್ಧ ಡಬ್ಬಿಯನ್ನು ಕಣ್ಣಳತೆಯಲ್ಲಿ ಬಗ್ಗಿಸಿಕೊಳ್ಳುವ ರೂಢಿ ಇನ್ನೂ ಕೆಟ್ಟದ್ದು, ಏಕೆಂದರೆ ಬಣ್ಣದ ಪುಡಿ ತಳದಲ್ಲಿ ಕೂತಿರುತ್ತದೆ, ಮೊದಲು ಅದನ್ನು ಚೆನ್ನಾಗಿ ಕದಡದೆ ಮೇಲಿನ ಅರ್ಧವನ್ನು ತೆಗೆದರೆ ಆ ಅರ್ಧವೂ ಹಾಳು, ಉಳಿದ ಅರ್ಧವೂ ಹಾಳು. ಕಿರಾಣಿ ಅಂಗಡಿಯಲ್ಲಿರುವಂಥ ಎಲೆಕ್ಟ್ರಾನಿಕ್ ತಕ್ಕಡಿಯೊಂದು ಈ ತೊಂದರೆಯನ್ನು ನೀಗುತ್ತದೆ. ಬೆರೆಸುವಾಗ ಡಬ್ಬಿಯ ಅಂಚನ್ನೂ ತಳವನ್ನೂ ಕೆರೆಯುತ್ತ ಮೂರರಿಂದ ಐದು ನಿಮಿಷ ನಿಧಾನವಾಗಿ ಕಲಸಿ, ಆ ಮಿಶ್ರಣವನ್ನು ಇನ್ನೊಂದು ಸ್ವಚ್ಛ ಡಬ್ಬಿಗೆ ಸುರಿದು ಮತ್ತೊಮ್ಮೆ ಕಲಸಬೇಕು. ನೆಲದಲ್ಲಿ ಅಲ್ಲಲ್ಲಿ ಮಾತ್ರ ಅಂಟು ಉಳಿಯುವುದಕ್ಕೆ ಹೆಚ್ಚಾಗಿ ಕಾರಣವಾಗುವುದು, ಮೊದಲ ಡಬ್ಬಿಯ ಗೋಡೆಗೆ ಹತ್ತಿ ಬೆರೆಯದೆ ಉಳಿದದ್ದನ್ನು ಕೊನೆಯಲ್ಲಿ ಬಳಿದು ಸುರಿಯುವುದೇ ಆಗಿದೆ.

ಬೆರೆಸಿದ ಮೇಲೆ ಕೈಯಲ್ಲಿ ಸಿಗುವ ಸಮಯ ಡಬ್ಬಿಯ ಮೇಲೆ ಸಾಮಾನ್ಯವಾಗಿ 25 ಡಿಗ್ರಿ ಸೆಲ್ಸಿಯಸ್ ಲೆಕ್ಕದಲ್ಲಿರುತ್ತದೆ. ಶಾಖ 10 ಡಿಗ್ರಿ ಏರಿದರೆ ಆ ಸಮಯ ಸುಮಾರು ಅರ್ಧಕ್ಕಿಳಿಯುತ್ತದೆ. ಈ ಕ್ರಿಯೆ ತಾನೇ ಬಿಸಿ ಹೊಮ್ಮಿಸುವಂಥದ್ದಾದ್ದರಿಂದ ಬಕೆಟ್ಟಿನಲ್ಲಿ ರಾಶಿಯಾಗಿ ಇಟ್ಟದ್ದು ಇನ್ನೂ ಬೇಗ ಕಟ್ಟಿಕೊಳ್ಳುತ್ತದೆ, ಕೆಲವೊಮ್ಮೆ ಹೊಗೆಯಾಡುತ್ತದೆ. ಸ್ವಲ್ಪ ಸ್ವಲ್ಪವೇ ಬೆರೆಸಿ ಅಗಲದ ತಟ್ಟೆಯಲ್ಲಿ ಹರಡಿಕೊಳ್ಳುವುದು ಕ್ಷೇಮ. ದಪ್ಪಗಾಗತೊಡಗಿದ ಮಿಶ್ರಣಕ್ಕೆ ತಿನ್ನರ್ ಸುರಿದು ಎಳೆದಾಡಿಸುವವರನ್ನು ಕಂಡಾಗಲೆಲ್ಲ ನನಗೆ ಸಿಟ್ಟು ಬರುತ್ತದೆ, ಹಣ ಕೊಟ್ಟವರಿಗೆ ಗೊತ್ತಾಗದಂತೆ ಮಾಡುವ ಮೋಸವದು.

ಇಷ್ಟೆಲ್ಲ ಸರಿಯಾಗಿದ್ದರೂ ನಮ್ಮ ಕರಾವಳಿಯ ಹವೆ ಕೆಲಸ ಕೆಡಿಸಬಲ್ಲದು. ಲೇಪನ ಹಚ್ಚುವ ಮೇಲ್ಮೈಯ ಶಾಖ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ಹನಿಯಾಗಿ ಕೂರತೊಡಗುವ ಶಾಖಕ್ಕಿಂತ) ಕನಿಷ್ಠ 3 ಡಿಗ್ರಿ ಹೆಚ್ಚಿರಬೇಕು, ಗಾಳಿಯ ಆರ್ದ್ರತೆ ಶೇಕಡ 85ನ್ನು ಮೀರಬಾರದು ಎಂಬುದು ಈ ವೃತ್ತಿಯಲ್ಲಿ ಎಲ್ಲೆಡೆ ಒಪ್ಪಿತವಾದ ನಿಯಮ. ಜುಲೈಯ ಒಂದು ದಿನ ಗಾಳಿಯ ಶಾಖ 27 ಡಿಗ್ರಿ, ಆರ್ದ್ರತೆ ಶೇಕಡ 90 ಇದ್ದರೆ ಇಬ್ಬನಿ ಬಿಂದು 25 ಡಿಗ್ರಿಯಷ್ಟಿರುತ್ತದೆ, ಅಂದರೆ ಕಣ್ಣಿಗೆ ಒಣಗಿದಂತೆ ಕಾಣುವ ಗೋಡೆಯ ಮೇಲೂ ತೇವ ಕೂರಲು ಎರಡೇ ಡಿಗ್ರಿಯ ಅಂತರ. ಜನವರಿಯ ಮಧ್ಯಾಹ್ನ 31 ಡಿಗ್ರಿ ಶಾಖ, ಶೇಕಡ 55 ಆರ್ದ್ರತೆ ಇದ್ದಾಗ ಆ ಅಂತರ 10 ಡಿಗ್ರಿಗೆ ಹಿಗ್ಗುತ್ತದೆ. ತೇವದ ಗಾಳಿಯಲ್ಲಿ ಹಾರ್ಡ್‌ನರ್ ನೀರಿನಂಶ ಮತ್ತು ಇಂಗಾಲದ ಡೈಆಕ್ಸೈಡ್ ಜೊತೆ ಕೂಡಿ ಪದರದ ಮೇಲೆ ಮಬ್ಬಾದ, ಜಿಡ್ಡಿನಂಥ ಒಂದು ಪೊರೆ ಕಟ್ಟುತ್ತದೆ. ಅದರ ಮೇಲೆ ಎರಡನೆಯ ಕೋಟ್ ಹಚ್ಚಿದರೆ ಅದು ಹಿಡಿಯುವುದಿಲ್ಲ. ಆ ಪೊರೆಯನ್ನು ಮೊದಲು ಬಿಸಿನೀರಿನಿಂದ ಉಜ್ಜಿ ತೊಳೆದು, ಒಣಗಿಸಿ, ಆಮೇಲೆ ಮರಳು ಕಾಗದ ಆಡಿಸಬೇಕು. ತೊಳೆಯದೆ ಉಜ್ಜಿದರೆ ಜಿಡ್ಡು ಇನ್ನಷ್ಟು ಹರಡುತ್ತದೆ.

ಇಲ್ಲಿಯೇ ನಮ್ಮ ಮೀನುಗಾರರ ಕಷ್ಟವಿರುವುದು. ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುವುದರಿಂದ ಬೋಟುಗಳನ್ನು ದಡಕ್ಕೆ ಎಳೆದು ರಿಪೇರಿ ಮಾಡಿಸಲು ಅವರಿಗೆ ಸಿಗುವುದೇ ವರ್ಷದ ಅತಿ ತೇವದ ಎರಡು ತಿಂಗಳು. ತಾಡಪಾಲಿನ ಕೆಳಗೆ ಹಚ್ಚಿದರೆ ಮಳೆ ತಪ್ಪುತ್ತದೆಯೇ ಹೊರತು ಆರ್ದ್ರತೆ ತಪ್ಪುವುದಿಲ್ಲ. ಮುಚ್ಚಿದ ಶೆಡ್ಡಿನಲ್ಲಿ ಬೋಟಿನ ಮೈಯನ್ನು ದೀಪಗಳಿಂದ ಬೆಚ್ಚಗಾಗಿಸಿ, ತೇವ ಸಹಿಸುವ ಹಾರ್ಡ್‌ನರ್ ಬಳಸುವುದು ಇದಕ್ಕಿರುವ ಉಪಾಯ. ಅಂಥ ಹಾರ್ಡ್‌ನರ್‌ಗಳಲ್ಲಿ ಒಂದು ಬಗೆಯನ್ನು ಗೇರುಬೀಜದ ಸಿಪ್ಪೆಯ ಎಣ್ಣೆಯಿಂದಲೇ ತಯಾರಿಸುತ್ತಾರೆ ಎಂಬುದು ಗೇರು ಬೆಳೆಯುವ ನಮಗೆ ತಿಳಿದಿರಬೇಕಾಗಿತ್ತು. ಬಂದರುಗಳಲ್ಲಿ ಇಂಥ ಒಂದೊಂದು ಶೆಡ್ ಕಟ್ಟಿಸುವ ಬಗ್ಗೆ ಮೀನುಗಾರಿಕೆ ಇಲಾಖೆ ಮತ್ತು ಸಹಕಾರಿ ಸಂಘಗಳು ಯೋಚಿಸಬೇಕು.

ಮನೆ ಕಟ್ಟಿಸುವವರಿಗೆ ಇನ್ನೆರಡು ಮಾತು. ಸಮುದ್ರದ ಗಾಳಿ ಕಿಟಕಿಯ ಗ್ರಿಲ್ಲು, ಗೇಟುಗಳ ಮೇಲೆ ಉಪ್ಪು ಕೂರಿಸುತ್ತದೆ. ತುಕ್ಕು ಉಜ್ಜುವ ಮೊದಲೇ ಸಿಹಿನೀರಿನಲ್ಲಿ ತೊಳೆಯದಿದ್ದರೆ ಆ ಉಪ್ಪು ಲೇಪನದ ಅಡಿಯಲ್ಲೇ ಉಳಿದು ನೀರನ್ನು ಎಳೆದು ಗುಳ್ಳೆ ಎಬ್ಬಿಸುತ್ತದೆ. ಹೊಸ ಕಾಂಕ್ರೀಟಿಗೆ 28 ದಿನ ತುಂಬಲಿ, ಮೇಲಿನ ಸಡಿಲ ಸಿಮೆಂಟು ಪದರವನ್ನು ಗ್ರೈಂಡರಿನಿಂದ ತೆಗೆಸಿ, ಬಳಿಕ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಕನಿಷ್ಠ 16 ಗಂಟೆ ಬಿಡಿ. ಹಾಳೆಯಡಿ ಹನಿ ಕಂಡರೆ ಅಥವಾ ನೆಲ ಕಪ್ಪಾಗಿದ್ದರೆ ಎಪಾಕ್ಸಿಗೆ ಇನ್ನೂ ಕಾಲ ಬಂದಿಲ್ಲ. ಶಿರಸಿ, ಸಿದ್ದಾಪುರ ಕಡೆಯ ಅಡಿಕೆ ಶೆಡ್ಡುಗಳ ನೆಲಕ್ಕೆ ಈ ಪರೀಕ್ಷೆ ತೀರಾ ಅಗತ್ಯ, ಏಕೆಂದರೆ ಅಲ್ಲಿ ತೇವ ಕೆಳಗಿನಿಂದ ಏರಿಬರುತ್ತದೆ. ಬಿಸಿಲು ಬೀಳುವ ಜಾಗದಲ್ಲಿ ಎಪಾಕ್ಸಿ ಹಳದಿಯಾಗಿ ಪುಡಿಯಾಗುತ್ತದೆ, ಅಲ್ಲಿ ಮೇಲೊಂದು ಪಾಲಿಯುರೆಥೇನ್ ಕೋಟ್ ಬೇಕೇ ಬೇಕು.

ಸರ್ಕಾರಿ ಕಾಮಗಾರಿಗಳ ಟೆಂಡರುಗಳಲ್ಲಿ ಲೇಪನದ ಕೆಲಸವನ್ನು ಡಿಸೆಂಬರಿನಿಂದ ಮಾರ್ಚ್ ಒಳಗೆ ಮುಗಿಸುವಂತೆ ದಿನಾಂಕ ಗೊತ್ತುಪಡಿಸಿ, ಪ್ರತಿದಿನದ ಶಾಖ ಮತ್ತು ಆರ್ದ್ರತೆಯನ್ನು ಬರೆದಿಡುವುದನ್ನು ಬಿಲ್ಲಿಗೆ ಷರತ್ತಾಗಿಸಬೇಕೆಂದು ಜಿಲ್ಲೆಯ ಎಂಜಿನಿಯರುಗಳಲ್ಲಿ ಕೋರುತ್ತೇನೆ. ಡಬ್ಬಿಗಳ ಮೇಲಿನ ಅಳತೆ ಮತ್ತು ಎಚ್ಚರಿಕೆಗಳು ಕನ್ನಡದಲ್ಲಿ ಅಚ್ಚಾಗಬೇಕು. ಹಾರ್ಡ್‌ನರ್ ಪದೇ ಪದೇ ತಾಗಿ ಚರ್ಮದ ಅಲರ್ಜಿ ಒಮ್ಮೆ ಹತ್ತಿಕೊಂಡರೆ ಆ ಕೆಲಸಗಾರ ಮತ್ತೆ ಈ ವೃತ್ತಿಗೆ ಮರಳುವುದೇ ಕಷ್ಟ, ಹೀಗಿದ್ದೂ ತಿನ್ನರಿನಲ್ಲಿ ಕೈ ತೊಳೆಯುವುದು ಇಂದಿಗೂ ನಡೆದಿದೆ. ನೈಟ್ರೈಲ್ ಕೈಗವಸು ಕೊಡಿಸುವ ಹೊಣೆ ಗುತ್ತಿಗೆದಾರರದ್ದು, ನನ್ನದೂ ಸೇರಿ.

– ಒಬ್ಬ ಲೇಪನ ಗುತ್ತಿಗೆದಾರ, ಕಾರವಾರ