ಈಶ್ವರಿ ಬಳ್ಳಿಯನ್ನು ಕಳೆಯ ಜೊತೆ ಸವರಬೇಡಿ

ಮಾನ್ಯ ಸಂಪಾದಕರೇ,

ಸಿಂಗಳೀಕ ಮತ್ತು ನಮ್ಮ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಎರಡನ್ನೂ ‘ಅಳಿವಿನಂಚಿನ ಜೀವಿಗಳು’ ಎಂದು ಒಂದೇ ಭಿತ್ತಿಪತ್ರದಲ್ಲಿ ಸೇರಿಸುವುದನ್ನು ಕೆಲವೆಡೆ ನೋಡುತ್ತಿದ್ದೇವೆ. ಇದು ಸರಿಯಲ್ಲ. ಎರಡಕ್ಕೂ ಇರುವ ಅಪಾಯ ಬೇರೆ, ಮಾಡಬೇಕಾದ ಕೆಲಸವೂ ಬೇರೆ: ಸಿಂಗಳೀಕಕ್ಕೆ ಕಾಡಿನ ಕೊಂಬೆ ಉಳಿಯಬೇಕು, ಚಿಟ್ಟೆಗೆ ನಮ್ಮ ಬೇಲಿಯ ಈಶ್ವರಿ ಬಳ್ಳಿ.

ಸಿಂಗಳೀಕ ಸಸ್ತನಿ ವರ್ಗದಲ್ಲಿ ಮಂಗ, ವಾನರಗಳಿರುವ ಪ್ರೈಮೇಟ್ ಗಣಕ್ಕೆ ಸೇರಿದ ಪ್ರಾಣಿ, ವೈಜ್ಞಾನಿಕ ಹೆಸರು ಮಕಾಕಾ ಸೈಲೀನಸ್. ನಮ್ಮ ಊರ ಮಂಗವೂ ಇದೇ ಮಕಾಕಾ ಜಾತಿಯ (ಜೀನಸ್) ಇನ್ನೊಂದು ಪ್ರಭೇದ. ಮುಸುವ ಮಾತ್ರ ಒಂದೇ ಕುಟುಂಬದ್ದಾದರೂ ಬೇರೆ ಜಾತಿ. ಮುಖದ ಸುತ್ತ ಬೂದು ಕೇಸರ, ಗಿಡ್ಡ ಬಾಲದ ತುದಿಗೆ ಕುಚ್ಚು ಇದ್ದರೆ ಸಿಂಗಳೀಕ. ಜೀವಿಗಳ ಅಳಿವಿನ ಅಪಾಯವನ್ನು ಅಳೆಯುವ ಜಾಗತಿಕ ಸಂಸ್ಥೆ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಇದು ‘ಅಪಾಯಕ್ಕೊಳಗಾದ’ ಪ್ರಭೇದ. ಪಶ್ಚಿಮಘಟ್ಟ ಬಿಟ್ಟರೆ ಕಾಡಿನಲ್ಲಿ ಬೇರೆಲ್ಲೂ ಇಲ್ಲ, ಪ್ರೌಢ ಪ್ರಾಣಿಗಳು 2,500ಕ್ಕಿಂತ ಕಡಿಮೆ. ಸೂಲಿಗೆ ಒಂದೇ ಮರಿ, ಅದೂ ವರ್ಷಗಳ ಅಂತರದಲ್ಲಿ. ಹಾಗಾಗಿ ಕುದುರೆಮುಖದಂಥ ಕಡೆ ರಸ್ತೆಯ ಇಕ್ಕೆಲದ ಮರಗಳ ಕೊಂಬೆ ಒಂದಕ್ಕೊಂದು ತಾಗುವಂತೆ ಉಳಿಯಲೇಬೇಕು. ಕೊಂಬೆ ಕಡಿದರೆ ಗುಂಪು ನೆಲಕ್ಕಿಳಿಯುತ್ತದೆ, ವಾಹನಕ್ಕೆ ಸಿಗುತ್ತದೆ.

ಚಿಟ್ಟೆಯ ವೈಜ್ಞಾನಿಕ ಹೆಸರು ಟ್ರಾಯಿಡಿಸ್ ಮಿನೋಸ್. ಸಂಧಿಪದಿ ವಂಶ, ಕೀಟ ವರ್ಗ, ಚಿಟ್ಟೆ-ಪತಂಗಗಳ ಲೆಪಿಡಾಪ್ಟೆರಾ ಗಣ. ಕೆಂಪು ಪಟ್ಟಿಯಲ್ಲಿ ‘ಕನಿಷ್ಠ ಕಾಳಜಿ’. ಆದರೆ ಈ ದರ್ಜೆ ಇಡೀ ದಕ್ಷಿಣ ಭಾರತದ ಲೆಕ್ಕ, ನಿಮ್ಮ ತೋಟದ್ದಲ್ಲ. ಇದರ ಮರಿಹುಳು ತಿನ್ನುವುದು ಈಶ್ವರಿ ಬಳ್ಳಿ ಮತ್ತು ಅದೇ ಕುಟುಂಬದ ಗಿಡಗಳನ್ನು ಮಾತ್ರ. ಬೇಲಿಯ ಬಳ್ಳಿ ಹೋದರೆ ಆ ತೋಟದ ಮುಂದಿನ ಪೀಳಿಗೆಯೂ ಹೋಯಿತು. ಹಾವಿನ ವಿಷಕ್ಕೆ ಮದ್ದೆಂದು ಬೇರು ಕೀಳುವವರೂ ಇದ್ದಾರೆ. ಇದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಮನುಷ್ಯರ ಮೂತ್ರಪಿಂಡ ಕೆಡಿಸುತ್ತದೆ, ದಯವಿಟ್ಟು ಬಿಡಿ.

ಕಳೆ ತೆಗೆಸುವ ಮೊದಲು ಬಳ್ಳಿಯಿರುವ ಕಡೆ ಬಣ್ಣದ ಬಟ್ಟೆ ಕಟ್ಟಿ ಆಳುಗಳಿಗೆ ತೋರಿಸಿ. ಕಳೆನಾಶಕ ಅತ್ತ ಬೀಸದಿರಲಿ. ಎಲೆಯ ಅಡಿ ನೋಡಿ: ಕಪ್ಪುಗೆಂಪು ಹುಳು, ಮೈತುಂಬ ಮೆತ್ತನೆಯ ಮುಳ್ಳಿನಂಥ ಉಬ್ಬುಗಳು, ನಡುವೆ ಓರೆಯಾದ ಮಾಸಲು ಬಿಳಿ ಪಟ್ಟೆ. ಕಂಬಳಿಹುಳು ಎಂದು ಔಷಧಿ ಹೊಡೆಯುವುದು ಇದಕ್ಕೇ, ಮುಟ್ಟಿದರೂ ತುರಿಸುವುದಿಲ್ಲ. ಹೊಸದಾಗಿ ಬೆಳೆಸುವವರು ಅರೆನೆರಳಿನಲ್ಲಿ ನಾಲ್ಕೈದು ಬಳ್ಳಿಯನ್ನಾದರೂ ಹಬ್ಬಿಸಿ. ಒಂದೇ ಎಳೆ ಬಳ್ಳಿಯಾದರೆ ಹುಳು ಎಲೆಯನ್ನೆಲ್ಲ ಮುಗಿಸಿ ಹಸಿವಿನಿಂದ ಸಾಯುತ್ತದೆ. ಹುಳು ಕಾಣೆಯಾದರೆ ಹತ್ತಿರದ ಕಡ್ಡಿಗಳಲ್ಲಿ ಕೋಶಕ್ಕಾಗಿ ಹುಡುಕಿ. ಒಣಗಿದ ಎಲೆ ಮುದುರಿ ಅಂಟಿಕೊಂಡಂತಿದ್ದು, ಅಲುಗಿಸಿದರೆ ಬುಸ್ಸೆನ್ನುತ್ತದೆ. ಅಂಥ ಬೇಲಿ ಸವರುವುದನ್ನು ಒಂದು ತಿಂಗಳು ಮುಂದಕ್ಕೆ ಹಾಕಿ.

– ಜೀವಶಾಸ್ತ್ರ ಶಿಕ್ಷಕರು, ಮೂಡಿಗೆರೆ, ಚಿಕ್ಕಮಗಳೂರು ಜಿಲ್ಲೆ