ಕೊನೆಯ ಗಂಟು ಬಿತ್ತು, ಎಲ್ಲರಿಗೂ ನಮಸ್ಕಾರ

ಕಳೆದ ಭಾನುವಾರ ಸಂಜೆ ನಾನು ಮರದಲ್ಲಿ ಕಟ್ಟುತ್ತಿದ್ದ, ಟ್ರಿಂಕೊಮಲೀ ಎಂಬ ಹಳೇ ಯುದ್ಧದ ಹಡಗಿನ ಪುಟ್ಟ ಮಾದರಿಯ ಕೊನೆಯ ಹಗ್ಗಕ್ಕೆ ಗಂಟು ಹಾಕಿದೆ. ಶುರು ಮಾಡಿ 6 ವರ್ಷ 4 ತಿಂಗಳಾಯಿತು. ಅದರಲ್ಲಿ 14 ತಿಂಗಳು ಹಡಗು ಹಳೇ ಪಂಚೆ ಹೊದ್ದು ಅಟ್ಟದ ಮೇಲೆ ಕೂತಿತ್ತು. ನಾನು ಆಸ್ಪತ್ರೆಗೂ ಮನೆಗೂ ಓಡಾಡುತ್ತಿದ್ದೆ. ಈ ವಾರ ಡಾಕ್ಟರು ಸ್ಕ್ಯಾನ್ ನೋಡಿ, "ಇನ್ನು 6 ತಿಂಗಳಿಗೊಮ್ಮೆ ಬಂದರೆ ಸಾಕು" ಅಂದರು. ಎರಡೂ ಒಟ್ಟಿಗೆ ಆದವು. ಈಗ ಬರೆಯದಿದ್ದರೆ ಇನ್ಯಾವಾಗ ಬರೆಯೋದು?

ಇಂಗ್ಲಿಷರ ಯುದ್ಧದ ಹಡಗನ್ನು ಮಲೆನಾಡಿನ ಸಾಗರ ಊರಿನಲ್ಲಿ ಕೂತು ನೀವು ಯಾಕೆ ಕಟ್ಟಬೇಕು ಎಂದು ತುಂಬಾ ಜನ ಕೇಳಿದ್ದಾರೆ. ಅದು ಇಂಗ್ಲಿಷರಿಗಾಗಿ ಕಟ್ಟಿದ ಹಡಗು ನಿಜ, ಆದರೆ ಕಟ್ಟಿದ್ದು ಮುಂಬಯಿಯಲ್ಲಿ. ಕಟ್ಟಿಸಿದ ಮೇಸ್ತ್ರಿ ಜಮ್‌ಶೆಟ್‌ಜಿ ಬೊಮನ್‌ಜಿ ವಾಡಿಯಾ, ಪಾರ್ಸಿ ಮನೆತನದವರು. ಮರ ಮಲಬಾರಿನ ಸಾಗುವಾನಿ. ನೀರಿಗಿಳಿದದ್ದು 1817ರ ಅಕ್ಟೋಬರ್ 12ಕ್ಕೆ. ಇವತ್ತಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲಿನಲ್ಲಿ ಅದು ನೀರಿನ ಮೇಲೆಯೇ ಇದೆ. 200 ವರ್ಷ ದಾಟಿದ ಸಾಗುವಾನಿ! ಈ ಸಂಗತಿ ಮೊದಲ ಸಲ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಾನು ನಕ್ಷೆ ಬರೆದೇ ಸಂಸಾರ ನಡೆಸಿದವನು, ಡ್ರಾಫ್ಟ್ಸ್‌ಮನ್ ಆಗಿ 31 ವರ್ಷ. ಹಾಗಾಗಿ ಈ ಹಡಗಿನ ನಕ್ಷೆಯ ಕಥೆ ನನಗೆ ಬಹಳ ಹತ್ತಿರ. ಮೊದಲ ಸಲ ನಕ್ಷೆಗಳನ್ನು ಮುಂಬಯಿಗೆ ಕಳಿಸಿದ್ದು ಜಾವಾ ಎಂಬ ಹಡಗಿನಲ್ಲಿ. 1812ರ ಡಿಸೆಂಬರಿನಲ್ಲಿ ಬ್ರೆಜಿಲ್ ಹತ್ತಿರ ಅಮೆರಿಕದ ಕಾನ್‌ಸ್ಟಿಟ್ಯೂಷನ್ ಹಡಗು ಜಾವಾವನ್ನು ಸೋಲಿಸಿತು. ನಕ್ಷೆಗಳೂ ಹೋದವು. ಮತ್ತೊಂದು ಪ್ರತಿ ಮಾಡಿ ಕಳಿಸಬೇಕಾಯಿತು. ಕೆಲಸ ಶುರುವಾಗಲು 1816 ಬಂತು. ಯಾರೋ ಒಬ್ಬ ನಕ್ಷೆಗಾರ ದೀಪದ ಬೆಳಕಿನಲ್ಲಿ ಕೂತು ಅಷ್ಟೂ ಗೆರೆಗಳನ್ನು ಇನ್ನೊಮ್ಮೆ ಎಳೆದಿರಬೇಕು ಅಲ್ವಾ? ಹೆಸರು ಗೊತ್ತಿಲ್ಲದ ಆ ಮನುಷ್ಯನಿಗೆ ನನ್ನ ಮೊದಲ ನಮಸ್ಕಾರ.

ಹಡಗಿನ ಅಡಿಮರ ಇಡುವ ದಿನ ಜಮ್‌ಶೆಟ್‌ಜಿ ಅದಕ್ಕೆ ಒಂದು ಬೆಳ್ಳಿಯ ಮೊಳೆ ಹೊಡೆದರಂತೆ. ಹಡಗಿಗೆ ಒಳ್ಳೆಯದಾಗಲಿ ಎಂದು ಪಾರ್ಸಿಗಳು ಹಾಗೆ ಮಾಡುತ್ತಿದ್ದರು. ಇದನ್ನು ನನ್ನ ಹೆಂಡತಿಗೆ ಓದಿ ಹೇಳಿದೆ. ಅವಳು ಸುಮ್ನೆ ಎದ್ದು ಹೋಗಿ ಮಗಳ ಚಿಕ್ಕಂದಿನ ಕಾಲ್ಗೆಜ್ಜೆಯ ಒಂದು ತುಂಡು ತಂದಳು. ಅದರಿಂದ ಸೂಜಿಮೊನೆಯಷ್ಟು ಬೆಳ್ಳಿ ಕತ್ತರಿಸಿ ನಮ್ಮ ಹಡಗಿನ ಅಡಿಮರಕ್ಕೂ ಕೂರಿಸಿದ್ದೇವೆ. ಈಗ ಅದು ಹೊರಗೆ ಕಾಣುವುದಿಲ್ಲ.

ಮರದ ವಿಷಯದಲ್ಲಿ ನಮ್ಮ ಬೀದಿಯ ಆಚಾರ್ರಿಗೆ ನಾನು ಋಣಿ. ಮುಂಬಯಿಯ ಹಡಗು ಸಾಗುವಾನಿ, ಹಾಗಾಗಿ ನನ್ನದೂ ಪೂರ್ತಿ ಸಾಗುವಾನಿಯೇ ಆಗಬೇಕು ಎಂದು ಹಟ ಹಿಡಿದಿದ್ದೆ. ಅವರು ಕೆಡವಿದ ಹಳೇ ಮನೆಯೊಂದರ ಬಾಗಿಲವಾಡದ ತುಂಡು ಕೊಟ್ಟರು. ಕೊಟ್ಟು, "ಇಷ್ಟು ಸಣ್ಣ ಕೆಲಸಕ್ಕೆ ಇದರ ಎಳೆ ಒರಟು ರಾಯರೇ" ಎಂದೂ ಹೇಳಿದರು. ಅವರು ಹೇಳಿದ್ದು ಸರಿ ಇತ್ತು. ನನ್ನ ಅಳತೆ 96ಕ್ಕೆ 1. ಅಂದರೆ ನಿಜವಾದ ಹಡಗಿನ ಒಂದು ಅಡಿ ಇಲ್ಲಿ ಇಂಚಿನ ಎಂಟನೇ ಒಂದು ಭಾಗ. ತೋಪುಗಳಿರುವ ಅಟ್ಟ ಅಲ್ಲಿ ಸುಮಾರು 150 ಅಡಿ, ಇಲ್ಲಿ 19 ಇಂಚಿಗೆ ಒಂಚೂರು ಕಡಿಮೆ. ಈ ಅಳತೆಯಲ್ಲಿ ಸಾಗುವಾನಿಯ ಸಣ್ಣ ರಂಧ್ರಗಳು ಕೂಡ ಹಲಗೆಯಲ್ಲಿ ಬಿರುಕು ಬಿಟ್ಟ ಹಾಗೆ ಕಾಣುತ್ತವೆ. ಕೊನೆಗೆ ಅಡಿಮರಕ್ಕೂ ಪೀಠಕ್ಕೂ ಮಾತ್ರ ಸಾಗುವಾನಿ ಇಟ್ಟುಕೊಂಡೆ. ಹಲಗೆಗಳಿಗೆ ಚನ್ನಪಟ್ಟಣದವರು ಗೊಂಬೆ ಮಾಡುವ ಆಲೆ ಮರ ತರಿಸಿದೆ. ಬೆಳ್ಳಗಿನ ಮರ, ಎಳೆ ಕಣ್ಣಿಗೆ ಬೀಳದಷ್ಟು ನಯ. ಎರಡೂವರೆ ಮಿಲಿಮೀಟರ್ ಅಗಲದ ಪಟ್ಟಿಗಳನ್ನು ಆಚಾರ್ರೇ ಸೀಳಿ ಕೊಟ್ಟರು. ಬಿಸಿನೀರಿನಲ್ಲಿ ನೆನೆಸಿದರೆ ಹಡಗಿನ ಮೂತಿಯ ಹತ್ತಿರ ಮುರಿಯದೆ ಬಾಗುತ್ತಿತ್ತು.

ಅಕ್ಕನ ಮಗ ನ್ಯೂಕ್ಯಾಸಲ್‌ನಲ್ಲಿದ್ದಾನೆ. ಒಂದು ರಜೆಯ ದಿನ ಪೂರ್ತಿ ನನಗಾಗಿ ತೆಗೆದಿಟ್ಟ. ರೈಲು ಹತ್ತಿ ಹಾರ್ಟ್ಲ್‌ಪೂಲಿಗೆ ಹೋಗಿ 340 ಫೋಟೊ ತೆಗೆದ. ಪ್ರತಿ ಮೂಲೆಯಲ್ಲೂ ಪಕ್ಕದಲ್ಲಿ ಸ್ಕೇಲು ಹಿಡಿದೇ ತೆಗೆದಿದ್ದಾನೆ, ನಾನು ಹೇಳಿಕೊಟ್ಟಿರಲಿಲ್ಲ. ಆ ಫೋಟೊಗಳು ಬಂದ ಮೇಲೆಯೇ, ಹಡಗು ಈಗ ಹೇಗಿದೆಯೋ ಹಾಗೇ ಕಟ್ಟೋಣ ಎಂದು ತೀರ್ಮಾನಿಸಿದ್ದು. ಮಗಾ, ಅವತ್ತು ನೀನು ಮಳೆಯಲ್ಲಿ ನೆನೆದಿದ್ದೆ ಎಂದು ಅಕ್ಕ ಆಮೇಲೆ ಹೇಳಿದಳು. ನೀನು ಹೇಳಲೇ ಇಲ್ಲ.

ಹಡಗಿನ ಮೂತಿಯಲ್ಲಿ ಮುಂಡಾಸು ಕಟ್ಟಿದ ಗಂಡಸಿನ ಮೂರ್ತಿ ಇದೆ. ನನ್ನ ಅಳತೆಗೆ ಅದು ಒಂದು ಇಂಚೂ ಇಲ್ಲ. ನಮ್ಮೂರಿನ ಗುಡಿಗಾರರೊಬ್ಬರು ಗಂಧದ ಚೂರಿನಲ್ಲಿ ಅದನ್ನು ಕೆತ್ತಿ ಕೊಟ್ಟರು. ಮುಂಡಾಸಿನ ಸುತ್ತುಗಳನ್ನು ಎಣಿಸಬಹುದು. ದುಡ್ಡು ಕೊಡಲು ಹೋದರೆ, "ದೇವರ ಕೆಲಸದ ನಡುವೆ ಮಾಡಿದ್ದು, ಇದಕ್ಕೆ ಲೆಕ್ಕ ಇಲ್ಲ" ಅಂದರು. ಈಗಲೂ ಹತ್ತಿರ ಹೋದರೆ ಪರಿಮಳ ಬರುತ್ತದೆ.

ಇನ್ನು ಹಗ್ಗಗಳ ಮಾತು.

ಹಡಗಿನ ಮೈ ಮುಗಿದಿತ್ತು, ಹಾಯಿ ಕಟ್ಟುವ ಮೂರು ಕೂವೆಮರಗಳೂ ನಿಂತಿದ್ದವು. ಆಗಲೇ ಕಾಯಿಲೆ ಗೊತ್ತಾಯಿತು. ಆಪರೇಷನ್ ಆಯಿತು, ಆಮೇಲೆ ಕೀಮೋ. ಕೊನೆಯ ಸುತ್ತುಗಳ ಹೊತ್ತಿಗೆ ಬೆರಳ ತುದಿಗಳು ಜೋಮು ಹಿಡಿದವು. ಅಂಗಿಯ ಗುಂಡಿ ಹಾಕಲು ಆಗುತ್ತಿರಲಿಲ್ಲ. ತಣ್ಣೀರು ಮುಟ್ಟಿದರೆ ಸೂಜಿ ಚುಚ್ಚಿದ ಹಾಗೆ. ಒಂದು ದಿನ ಅಟ್ಟದಿಂದ ಹಡಗು ಇಳಿಸಿ ದಾರ ಹಿಡಿದೆ. ಬೆರಳ ನಡುವೆ ದಾರ ಇದೆಯೋ ಇಲ್ಲವೋ ಗೊತ್ತೇ ಆಗಲಿಲ್ಲ. ಅವತ್ತು ಅತ್ತೆ.

ವಾರ್ಡಿನ ಸಿಸ್ಟರ್ ಒಬ್ಬರು ಪ್ರತಿ ಸಲ ಡ್ರಿಪ್ ಹಾಕುವಾಗ, "ಹಡಗು ಎಲ್ಲಿಗೆ ಬಂತು ಸರ್?" ಎಂದು ಕೇಳುತ್ತಿದ್ದರು. ಎಲ್ಲೂ ಹೋಗಿಲ್ಲ ಎಂದು ಹೇಳಲು ಮನಸ್ಸಾಗದೆ ಒಂದು ದಿನ ಬೆರಳಿನ ವಿಷಯ ಹೇಳಿದೆ. ಅಕ್ಕಿಗೆ ಹೆಸರುಕಾಳು ಬೆರೆಸಿ ದಿನಾ ಹತ್ತು ನಿಮಿಷ ಆರಿಸಿ ಅಂದರು. ಆರಿಸಿದೆ. ಎಷ್ಟೋ ತಿಂಗಳು ಆರಿಸಿದೆ. ಸಿಸ್ಟರ್, ನೀವು ಕೇಳುತ್ತಿದ್ದ ಆ ಒಂದು ಪ್ರಶ್ನೆ ನನಗೆ ಎಷ್ಟು ದೊಡ್ಡದಾಗಿತ್ತು ಎಂದು ನಿಮಗೆ ಗೊತ್ತಿರಲಿಕ್ಕಿಲ್ಲ.

ನನ್ನ ಹೆಂಡತಿ ಸೀರೆಗೆ ಕುಚ್ಚು ಕಟ್ಟುವವಳು, 20 ವರ್ಷದ ಕೈ. ನಾನು ದಾರ ಕೆಳಗಿಟ್ಟ ಮರುದಿನ ಬಂದು ಪಕ್ಕದಲ್ಲಿ ಕೂತಳು. "ಗಂಟು ಹೇಗೆ ಅಂತ ಹೇಳಿ ಸಾಕು" ಅಂದಳು. ಕೂವೆಮರದ ಎರಡೂ ಕಡೆ ನಾವಿಕರು ಹತ್ತುವ ಹಗ್ಗದ ಏಣಿ ಇರುತ್ತದೆ. ಒಂದೊಂದು ಮೆಟ್ಟಿಲೂ ಒಂದೊಂದು ಹಗ್ಗವನ್ನು ದಾಟುವ ಜಾಗದಲ್ಲಿ ಎರಡು ಸುತ್ತಿನ ಗಂಟು ಹಾಕಬೇಕು. ಮೆಟ್ಟಿಲುಗಳ ನಡುವೆ ಮೂರೂವರೆ ಮಿಲಿಮೀಟರ್. ನಾನು ರಟ್ಟಿನ ಮೇಲೆ ಗೆರೆ ಎಳೆದು ಹಗ್ಗಗಳ ಹಿಂದೆ ಇಟ್ಟೆ. ಅವಳು ಗೆರೆ ನೋಡಿಕೊಂಡು ಗಂಟು ಹಾಕಿದಳು. ದಾರದ ಜುಂಗು ಏಳಬಾರದು ಎಂದು ಜೇನುಮೇಣ ಸವರಿದ್ದೂ ಅವಳೇ. ಎಳೆಯುವ ಹಗ್ಗಗಳಿಗೆ ಟೀ ಡಿಕಾಕ್ಷನ್‌ನಲ್ಲಿ ಬಣ್ಣ ಕಟ್ಟಿದ್ದೂ ಅವಳೇ. "ಇದು ನಮ್ಮ ಕುಚ್ಚಿನ ಗಂಟಿನ ತಂಗಿ" ಅಂದಳು. ಮದುವೆ ಸೀಸನ್ನಿನಲ್ಲಿ ಬಂದ ಎಷ್ಟೋ ಸೀರೆಗಳನ್ನು ವಾಪಸ್ ಕಳಿಸಿದ್ದಾಳೆ ಎಂದು ನನಗೆ ತಡವಾಗಿ ಗೊತ್ತಾಯಿತು. ಆ ಸೀರೆಗಳವರು ಕಾದರು, ಬೇಸರ ಮಾಡಿಕೊಳ್ಳಲಿಲ್ಲ. ಅವರಿಗೂ ನಮಸ್ಕಾರ.

ಬಲಗಡೆಯ ಏಣಿಗಳೆಲ್ಲ ಅವಳವು. ಎಡಗಡೆ ಮಾಡುವ ಹೊತ್ತಿಗೆ ನನ್ನ ಬೆರಳಿಗೆ ದಾರ ತಿಳಿಯತೊಡಗಿತ್ತು. ಒಟ್ಟು ಗಂಟು ಸಾವಿರ ದಾಟಿವೆ. ಗಮನವಿಟ್ಟು ನೋಡಿದರೆ ಎಡಗಡೆಯ ಮೊದಲ ಸಾಲುಗಳು ಸ್ವಲ್ಪ ಓರೆ ಇವೆ. ಮೇಲೆ ಹೋದ ಹಾಗೆ ನೆಟ್ಟಗಾಗುತ್ತವೆ. ಬಿಚ್ಚಿ ಮತ್ತೆ ಹಾಕಬಹುದಿತ್ತು. ಬಿಚ್ಚಲಿಲ್ಲ.

ನಿಜವಾದ ಟ್ರಿಂಕೊಮಲೀ 1819ರಲ್ಲಿ ಪೋರ್ಟ್ಸ್‌ಮತ್ ಮುಟ್ಟಿದ ಮೇಲೆ 25 ವರ್ಷಕ್ಕೂ ಹೆಚ್ಚು ಕಾಲ ಕೆಲಸವಿಲ್ಲದೆ ನಿಂತಿತ್ತು. 1897ರಲ್ಲಿ ಒಡೆಯಲು ಮಾರಿದ್ದರು. ಜೆಫ್ರಿ ವೀಟ್ಲಿ ಕಾಬ್ ಎಂಬವರು ಅದನ್ನು ಕೊಂಡು ಉಳಿಸಿದರು. ಮುಂದೆ ಎಷ್ಟೋ ವರ್ಷ ಬೇರೆ ಹೆಸರಿನಲ್ಲಿ ಹುಡುಗರಿಗೆ ನಾವಿಕ ವಿದ್ಯೆ ಕಲಿಸಿತು. 1987ರಲ್ಲಿ ಹಾರ್ಟ್ಲ್‌ಪೂಲಿಗೆ ತಂದು ವರ್ಷಗಟ್ಟಲೆ ರಿಪೇರಿ ಮಾಡಿದರು. ಆಸ್ಪತ್ರೆಯ ಮಂಚದ ಮೇಲೆ ಇದನ್ನೆಲ್ಲ ಮತ್ತೆ ಮತ್ತೆ ಓದಿದ್ದೇನೆ.

ಪಕ್ಕದ ಮನೆಯ ಪುಟ್ಟನನ್ನು ಬಿಟ್ಟರೆ ಆಗುವುದಿಲ್ಲ. ಏಣಿಯ ಬುಡಕ್ಕೆ ಮೂರು ತೂತಿನ ಮರದ ಗುಂಡಿಗಳು ಬೇಕು, ಒಂದೊಂದೂ 3 ಮಿಲಿಮೀಟರ್. ನೆಲಕ್ಕೆ ಬಿದ್ದಾಗಲೆಲ್ಲ ಟಾರ್ಚ್ ಹಿಡಿದು ಹುಡುಕಿ ಕೊಟ್ಟವನು ಅವನು. ಕಳೆದದ್ದು ಎರಡೇ.

ಗಾಜಿನ ಪೆಟ್ಟಿಗೆ ನಿನ್ನೆ ಬಂತು. ಇನ್ನೂ ಮುಚ್ಚಿಲ್ಲ. ಬರುವ ಭಾನುವಾರ ಬೆಳಗ್ಗೆ ಹತ್ತಕ್ಕೆ ಹಡಗು ನಮ್ಮ ಜಗುಲಿಯಲ್ಲಿರುತ್ತದೆ. ಆಚಾರ್ರು, ಗುಡಿಗಾರರು, ಸಿಸ್ಟರ್, ಪುಟ್ಟ, ಸೀರೆಗೆ ಕಾದವರು, ಎಲ್ಲರೂ ಬನ್ನಿ. ಅಕ್ಕನ ಮಗನಿಗೆ ಫೋನಿನಲ್ಲಿ ತೋರಿಸುತ್ತೇವೆ. ನೀವೆಲ್ಲ ಹತ್ತಿರದಿಂದ ನೋಡಿದ ಮೇಲೆ ಗಾಜು ಮುಚ್ಚೋಣ.